ನನ್ನ ಟ್ರಾಂಬೋನು, ಲೆಸ್ಲೆಪ್ಪನ ಹಲ್ಲು

ಬಿಸಿ ಚಹಾವನ್ನು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿಯುವುದು ನನ್ನ ಹಳೆಯ ಚಾಳಿ. ನಾಲ್ಕು ಜನರ ಎದುರು ಹೀಗೆ ಮಾಡಬಾರದೆಂದು ಗೊತ್ತು. ಗೊತ್ತಿರುವುದನ್ನೆಲ್ಲ ಪಾಲಿಸುವ ಸ್ವಭಾವ ನನ್ನದಾಗಿದ್ದರೆ ದಿನಾ ಬೆಳಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಪ್ರಸಂಗವೂ ಬರುತ್ತಿರಲಿಲ್ಲ. ಮೊನ್ನೆ ಹೀಗೇ ಊದುತ್ತ ಕೂತಿದ್ದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆಯೇ, "ಸ್ವಲ್ಪ ಸಣ್ಣಗ ಊದು. ನಿಮ್ಮ ಕುಲಪತಿಗಳ ಕಿವಿಗೆ ಬಿದ್ರ ಮತ್ತ ಬ್ಯಾಂಡಿಗೆ ಕರದಾರು" ಎಂದರು. ನಗು ಬಂತು. ಚಹಾ ಬಸಿಯಿಂದ ಸೀರೆಗೆ ಬಂತು.

ಆ ಬ್ಯಾಂಡಿನ ಕತೆ ಬಳ್ಳಾರಿಯಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಗೊತ್ತಿರುವುದು ನಮ್ಮವ್ವನ ಭಾಗ ಮಾತ್ರ. ನನ್ನ ಭಾಗವನ್ನು ಯಾರೂ ಕೇಳಿಲ್ಲ, ಕೇಳಿಸಿಕೊಂಡೂ ಇಲ್ಲ. ನೀವಾದರೂ ಕೇಳಿ.

ಊದುವುದು ನನಗೆ ಹುಟ್ಟಿನಿಂದ ಬಂದದ್ದು. ಕುರುಗೋಡಿನ ನಮ್ಮ ಮನೆಯಲ್ಲಿ ನಾನು ಹುಟ್ಟಿದ ದಿನ ಅತ್ತ ಅಳುವಿಗೆ ಹೆದರಿಯೇ ನಮ್ಮಪ್ಪ ಶಾಂತಾ ಎಂದು ಹೆಸರಿಟ್ಟನಂತೆ. ಹೆಸರು ಕೆಲಸ ಮಾಡಲಿಲ್ಲ. ಆದ್ದರಿಂದ ಅವ್ವ ನನ್ನ ಉಸಿರಿಗೊಂದು ಉದ್ಯೋಗ ಹುಡುಕಿದಳು: ಒಲೆ ಊದುವುದು. ನಮ್ಮಲ್ಲಿ ಉರಿಸುತ್ತಿದ್ದದ್ದು ಜಾಲಿ ಕಟ್ಟಿಗೆ. ಹೊರಗಿನವರು ಅದನ್ನು ಬಳ್ಳಾರಿ ಜಾಲಿ ಎನ್ನುತ್ತಾರೆ, ನಾವೇ ಅದನ್ನು ಕಂಡುಹಿಡಿದು ದೇಶಕ್ಕೆ ಹಂಚಿದವರ ಹಾಗೆ. ಹಸಿ ಜಾಲಿ ಹೊತ್ತಿಕೊಳ್ಳುವುದೆಂದರೆ ಸಿಟ್ಟಿಗೆದ್ದ ಬೀಗರು ಊಟಕ್ಕೆ ಏಳುವ ಹಾಗೆ, ತುಂಬ ಪುಸಲಾಯಿಸಬೇಕು. ಊದುಗೊಳವೆಯ ತುದಿಗೆ ಬಾಯಿಟ್ಟು, ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಸುರಿಸುತ್ತ ಊದಿದರೆ ಕೆಂಡ ಒಮ್ಮೆ ಕಣ್ಣು ಬಿಡುತ್ತಿತ್ತು. ಅಕ್ಕಂದಿರು ಊದಿದರೆ ಬರೀ ಹೊಗೆ. "ಶಾಂತಿ ಊದಿದ್ರ ನೋಡು, ಮಠದ ದೀಪಾನೂ ಆರಿ ಹೊತ್ಕೊಂತೈತಿ" ಎಂದು ಅವ್ವ ಹೇಳುತ್ತಿದ್ದಳು. ಅವಳಿಂದ ನಾನು ಪಡೆದ ಏಕೈಕ ಪ್ರಶಸ್ತಿ ಅದು. ಮುಂದೆ ನಾನು ಪ್ರಾಣಿಶಾಸ್ತ್ರ ಓದಿದೆ, ಪಾಠ ಹೇಳುವವಳಾದೆ, ಹೆಸರಿನ ಹಿಂದೆ ಡಾಕ್ಟರ್ ಅಂಟಿಸಿಕೊಂಡೆ. ಅವ್ವನಿಗೆ ಅದೆಲ್ಲ ಒಂದೇ ಮಾತು: "ನಮ್ಮಾಕಿ ಕಪ್ಪಿ ಕೊಯ್ಯೂ ಕೆಲಸದಾಗ ಅದಾಳ." ಕಪ್ಪೆ ಕೊಯ್ಯುವುದನ್ನು ಸರ್ಕಾರವೇ ನಿಲ್ಲಿಸಿ ಎಷ್ಟೋ ಕಾಲವಾಗಿದೆ ಎಂದು ಹೇಳಿದರೆ, "ಹಂಗಾರ ಈಗೇನು ಮಾಡ್ತಿ, ಸುಮ್ನ ಕುಂತಿರ್ತೀಯೇನ?" ಎನ್ನುತ್ತಿದ್ದಳು. ನನ್ನ ತರಗತಿಗಾಗಲಿ ಕಾಲೇಜಿಗಾಗಲಿ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ನಾನು ಕೆಲಸ ಮಾಡುವುದು ಬಳ್ಳಾರಿಯಿಂದ ಸ್ವಲ್ಪ ಹೊರಗೆ ಇರುವ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿಗೆ ಹೊಸ ಕುಲಪತಿಗಳು ಬಂದರು. ಹೊಸಬರು ಬಂದಾಗ ಸಾಮಾನ್ಯವಾಗಿ ಗಿಡ ನೆಡಿಸುತ್ತಾರೆ. ನಮ್ಮ ಬಿಸಿಲಿಗೆ ಗಿಡ ಬದುಕುವುದಿಲ್ಲವೆಂದು ಯಾರೋ ಹೇಳಿದ್ದರಿಂದ ಇವರು ಬ್ಯಾಂಡ್ ನೆಡಲು ನಿರ್ಧರಿಸಿದರು. ಅದೂ ಜಾಝ್ ಬಿಗ್ ಬ್ಯಾಂಡ್. ವಿದೇಶದ ವಿಶ್ವವಿದ್ಯಾಲಯವೊಂದರಲ್ಲಿ ಅವರು ಅದನ್ನು ನೋಡಿದ್ದರಂತೆ: ಹುಡುಗರು, ಅಧ್ಯಾಪಕರು ಒಟ್ಟಿಗೆ ಸಾಲಾಗಿ ಕೂತು ಕಹಳೆ, ಸ್ಯಾಕ್ಸೋಫೋನು ಊದುತ್ತಾರೆ, ಹೊರಗಿನಿಂದ ಒಬ್ಬ ಅತಿಥಿ ಕಲಾವಿದ ಬಂದು ಮುಂದೆ ನಿಂತು ಬಾರಿಸುತ್ತಾನೆ. "ನಮ್ಮಲ್ಲಿ ಯಾಕಾಗಬಾರದು?" ಎಂದು ಅವರು ಸಭೆಯಲ್ಲಿ ಕೇಳಿದರು. ಯಾಕಾಗಬಾರದು ಎಂಬುದಕ್ಕೆ ಎಲ್ಲರ ಬಳಿಯೂ ಕಾರಣಗಳಿದ್ದವು. ಹಾಗಾಗಿ ಯಾರೂ ಮಾತಾಡಲಿಲ್ಲ.

ವಾದ್ಯಗಳು ಬಂದವು. ಕಲಿಸಲು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಸಿರುಗುಪ್ಪದ ಖಾಜಾಸಾಬರು ಬಂದರು. ಮೀಸೆಗೆ ಬಣ್ಣ, ಬೂಟಿಗೆ ಪಾಲಿಶ್, ಮಾತಿಗೆ ಮುಂಚೆ ಒಂದು ಸೆಲ್ಯೂಟ್. ಹುಡುಗರು ಗಿಟಾರು, ಸ್ಯಾಕ್ಸೋಫೋನುಗಳ ಮೇಲೆ ಮುಗಿಬಿದ್ದರು. ಕೊನೆಗೆ ಒಂದು ಟ್ರಾಂಬೋನು ಉಳಿಯಿತು. ಉದ್ದನೆಯ ಹಿತ್ತಾಳೆ ಕೊಳವೆ. ಅದರ ಒಂದು ಭಾಗವನ್ನು ಹಿಂದೆ ಮುಂದೆ ಎಳೆದಾಡಿ ಸ್ವರ ಹುಡುಕಬೇಕು. ನಾನು ಸುಮ್ಮನೆ ಕುತೂಹಲಕ್ಕೆ ಊದಿದೆ. ಕಿಟಕಿಯ ಮೇಲೆ ಕೂತಿದ್ದ ಪಾರಿವಾಳಗಳು ಎದ್ದುಹೋದವು. ಖಾಜಾಸಾಬರು ಕಣ್ಣರಳಿಸಿ, "ಮೇಡಂ, ತಮ್ಮ ಫೇಫಡಾ ಜಬರ್ದಸ್ತ್ ಐತ್ರಿ!" ಎಂದರು. ಐವತ್ತು ದಾಟಿದ ಹೆಂಗಸಿನ ಶ್ವಾಸಕೋಶವನ್ನು ಪರಪುರುಷನೊಬ್ಬ ಸಭೆಯಲ್ಲಿ ಹೊಗಳಿದಾಗ ಏನು ಹೇಳಬೇಕೆಂದು ಗೊತ್ತಾಗದೆ ನಾನು ಥ್ಯಾಂಕ್ಸ್ ಅಂದೆ. ಅದನ್ನು ಅವರು ಒಪ್ಪಿಗೆ ಎಂದು ತಿಳಿದರು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಮೊದಲ ವಾರ ಪಕ್ಕದ ಮನೆಯವರು ಬಂದು, "ಎಮ್ಮಿ ಕಟ್ಟೀರೇನ್ರಿ? ಹಾಲು ಹೊರಗ ಕೊಡ್ತೀರೇನು?" ಎಂದು ವಿಚಾರಿಸಿದರು. ಅವ್ವನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಇನ್ನೊಂದು ತೊಡಕಾಯಿತು.

"ಜಾಝ್ ಬ್ಯಾಂಡಬೇ" ಎಂದೆ.

"ಜಾಂಜ್ ಮೇಳ ಏನ? ಹೆಣ್ಮಕ್ಕಳು ತಾಳ ಹೊಡದು ಕುಣೀತಾರ, ಅದಾ?"

"ಜಾಂಜ್ ಅಲ್ಲ. ಜಾಝ್. ಇಂಗ್ಲಿಷ್ ಸಂಗೀತ."

"ಅದಾ ಅಲ್ಲೇನ. ಜಾಂಜ್. ಬರ್ತೀನಿ ತಗಾ. ನಿನ್ನ ಕುಣಿತ ನೋಡಿಲ್ಲ ನಾನು."

ಅವ್ವನೊಬ್ಬಳ ತಪ್ಪಲ್ಲ. ಮುಖ್ಯದ್ವಾರಕ್ಕೆ ಕಟ್ಟಲು ಬ್ಯಾನರ್ ಬರೆಸಿದರೆ ಅದರಲ್ಲೂ 'ಜಾಂಜ್ ಬ್ಯಾಂಡ್ ಸಂಗೀತೋತ್ಸವ' ಎಂದೇ ಬಂತು. ತಿದ್ದಿಸಲು ಹೋದ ಹುಡುಗರಿಗೆ ಬ್ಯಾನರಿನವನು, "ನಾವು ಮಾಡಿದ್ದಾ ಕರೆಕ್ಟ್ ಐತಿ. ನೀವು ಬರಕೊಟ್ಟಿದ್ದ ತಪ್ಪು" ಎಂದನಂತೆ.

ಖಾಜಾಸಾಬರ ಕಷ್ಟ ಬೇರೆ. ಜಾಝ್‌ನಲ್ಲಿ ಸ್ವರವನ್ನು ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿಡಬೇಕು, ತೂಗಿ ತೂಗಿ ನಡೆಯಬೇಕು. ಪರೇಡಿನಲ್ಲಿ ಜೀವ ಸವೆಸಿದ ಮನುಷ್ಯ, ಹಿಂದೆ ಬಿದ್ದವರನ್ನು ಮೈದಾನದ ಸುತ್ತ ಓಡಿಸಿದವರು, ಈಗ ಕೈಯೆತ್ತಿ, "ಲೇಟ್ ಬರ್ರಿ! ಇನ್ನೂ ಲೇಟ್ ಬರ್ರಿ! ಯಾರದು ಕರೆಕ್ಟ್ ಬಂದಿದ್ದು?" ಎಂದು ಗದರಬೇಕಾಯಿತು. ಲೇಟಾಗಿ ಬರುವುದರಲ್ಲಿ ನಮ್ಮ ವಿದ್ಯಾರ್ಥಿಗಳು ಬೇಗ ಪಳಗಿದರು. ಬ್ಯಾಂಡು ಹೇಗೋ ಬ್ಯಾಂಡಿನಂತೆ ಕೇಳಿಸತೊಡಗಿತು. ಒಂದು ಹಾಡಿನ ನಡುವೆ ನನಗೊಬ್ಬಳಿಗೇ ಹದಿನಾರು ಆವರ್ತದ ಸೋಲೋ ಸಿಕ್ಕಿತು. ಎಲ್ಲರೂ ಮೆಲ್ಲಗೆ ಹಿಂದೆ ಸರಿಯುತ್ತಾರೆ, ಟ್ರಾಂಬೋನು ಮಾತ್ರ ಮಾತಾಡುತ್ತದೆ. ನಾನು ಅದನ್ನು ಅಡುಗೆ ಮಾಡುವಾಗ ಗುನುಗಿದೆ, ಉತ್ತರಪತ್ರಿಕೆ ತಿದ್ದುವಾಗ ಗುನುಗಿದೆ. ನಿಜ ಹೇಳುತ್ತೇನೆ, ಪಿಎಚ್‌ಡಿ ಮೌಖಿಕ ಪರೀಕ್ಷೆಗೂ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ. ಅವ್ವ ಬರುತ್ತಾಳೆ, ಮೊದಲ ಬಾರಿ. ಅವಳ ಕಣ್ಣೆದುರು ಒಂದು ಕೆಲಸವನ್ನು ಚೆನ್ನಾಗಿ ಮಾಡಿ ತೋರಿಸಬೇಕೆಂಬ ಆಸೆ ಈ ವಯಸ್ಸಿನಲ್ಲೂ ಇರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಇತ್ತು.

ಅತಿಥಿ ಕಲಾವಿದರಾಗಿ ಬಂದವರು ಲೆಸ್ಲಿ ಎಂಬ ಟ್ರಂಪೆಟ್ ವಾದಕರು. ಮೂಲ ಗೋವಾದವರು, ಮುಂಬೈಯ ಹೋಟೆಲುಗಳಲ್ಲಿ ಬಾರಿಸಿ ಹೆಸರಾದವರು. ಕುಲಪತಿಗಳು ಅವರಿಗಾಗಿ ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಬಾಯಿಪಾಠ ಮಾಡಿಕೊಂಡು ರೈಲು ನಿಲ್ದಾಣಕ್ಕೆ ಹೋದರೆ, ಬಿಳಿ ಗಡ್ಡದ ಆ ತೆಳ್ಳನೆಯ ಮುದುಕರು ಇಳಿದವರೇ, "ನಮಸ್ಕಾರ್ರಿ ಸರ. ಏನು ಬಿಸಿಲ್ರಿ ಇದು!" ಎಂದುಬಿಟ್ಟರು. ಅವರ ತಂದೆ ರೈಲ್ವೆಯಲ್ಲಿದ್ದರಂತೆ. ಬಾಲ್ಯವೆಲ್ಲ ಹುಬ್ಬಳ್ಳಿಯ ರೈಲ್ವೆ ಕಾಲನಿಯಲ್ಲಿ. ಕನ್ನಡಕ್ಕೆ ತುಕ್ಕು ಹಿಡಿದಿತ್ತು, ಆದರೆ ಮುರಿದಿರಲಿಲ್ಲ. ಕುಲಪತಿಗಳಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಕನ್ನಡ ಮಾತಾಡುವ ಜಾಝ್ ಕಲಾವಿದನನ್ನು ಅವರು ನಿರೀಕ್ಷಿಸಿರಲಿಲ್ಲ.

ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ. ಅವ್ವ ಬೆಳಗಿನ ಬಸ್ಸಿಗೇ ಕುರುಗೋಡಿನಿಂದ ಬಂದಿದ್ದಳು. ಒಗೆದ ಧೋತರದಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು, ಗುರೆಳ್ಳು ಪುಡಿ, ಕೆನೆಮೊಸರು. ಅಣ್ಣನ ಮನೆಯ ತುಂಬ ಮಕ್ಕಳು ಮೊಮ್ಮಕ್ಕಳಿದ್ದರೂ ರೊಟ್ಟಿ ಬಡಿಯುವುದನ್ನು ಅವಳು ಇಂದಿಗೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ನಮ್ಮ ಯಜಮಾನರ ತವರು, ಗಂಡಸರಿಗೂ ತವರು ಎನ್ನಬಹುದಾದರೆ, ಸಿರುಗುಪ್ಪ. ಅಲ್ಲಿಂದ ಅವರ ಅಣ್ಣ ಕಳಿಸಿದ ಹೊಸ ಅಕ್ಕಿಯ ಅನ್ನವೂ ಇತ್ತು. ಲೆಸ್ಲಿಯವರು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತರು. ಅವ್ವನಿಗೆ ಆತ ಮೊದಲ ತುತ್ತಿಗೇ ಹಿಡಿಸಿಬಿಟ್ಟ.

"ನಾಚ್ಕೊಬ್ಯಾಡ ಲೆಸ್ಲೆಪ್ಪಾ, ಉಣ್ಣು. ಊದೂ ಮನಿಷಾ ಅದೀ, ಹೊಟ್ಟಿ ಗಟ್ಟಿ ಇರಬೇಕು."

"ಅವ್ವಾರ, ಇಂಥಾ ರೊಟ್ಟಿ ತಿಂದು ಭಾಳ ವರ್ಷ ಆತ್ರಿ" ಎಂದು ಅವರು ರೊಟ್ಟಿಯ ಚೂರನ್ನೂ ಕಲಸಿದ ಅನ್ನವನ್ನೂ ಒಟ್ಟಿಗೇ ಬಾಯಿಗಿಟ್ಟರು.

ಟಕ್ ಎಂದಿತು.

ಲೆಸ್ಲಿಯವರು ಕೈಯನ್ನು ಬಾಯಿಗೆ ಹಿಡಿದುಕೊಂಡರು. ಕೈ ತೆಗೆದಾಗ ಮೇಲಿನ ಸಾಲಿನ ಮುಂದಿನ ಹಲ್ಲು ಇರಲಿಲ್ಲ. ಅದು ಮೊದಲೇ ಕಟ್ಟಿಸಿದ್ದ ಹಲ್ಲಂತೆ. ತಟ್ಟೆಯಲ್ಲಿ ಹುಡುಕಿದೆವು, ಸಾರಿನ ಬಟ್ಟಲಲ್ಲಿ ಹುಡುಕಿದೆವು, ಅವ್ವ ಮೊಸರಿನಲ್ಲಿ ಬೆರಳಾಡಿಸಿದಳು. ಕೊನೆಗೆ ಲೆಸ್ಲಿಯವರೇ ಗಂಟಲು ಮುಟ್ಟಿಕೊಂಡು ನಿಧಾನವಾಗಿ ಹೇಳಿದರು: "ಹುಡಕಬ್ಯಾಡ್ರಿ. ಹೋತು."

ಟ್ರಂಪೆಟ್ ಊದುವವನಿಗೆ ಮುಂದಿನ ಹಲ್ಲೆಂದರೆ ಮನೆಗೆ ಹೊಸ್ತಿಲಿದ್ದ ಹಾಗೆ. ಗಾಳಿಯೆಲ್ಲ ಅದರ ಆಸರೆಯ ಮೇಲೆಯೇ ನಿಲ್ಲಬೇಕು. ಅವರು ವಾದ್ಯ ತೆಗೆದು ತುಟಿಗಿಟ್ಟು ನೋಡಿದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು ಬಂತು. ಸಂಜೆಗೆ ಕಾರ್ಯಕ್ರಮ.

ಆದರೆ ನಮ್ಮ ಮನೆಯಲ್ಲಿ ಆಗಲೇ ಬೇರೆ ಪ್ರಶ್ನೆ ಎದ್ದಿತ್ತು: ಹಲ್ಲು ಮುರಿದದ್ದು ಯಾರು?

"ಅನ್ನದಾಗ ಕಲ್ಲು ಹಳ್ಳು ಇತ್ತು" ಎಂದಳು ಅವ್ವ. "ಸಿರಗುಪ್ಪಿ ಅಕ್ಕಿ, ನಾ ಮೊದ್ಲ ಹೇಳಿದ್ದೆ."

"ಅತ್ತಿ, ಮಷಿನ್ನಿನಾಗ ಆರಿಸಿದ ಅಕ್ಕಿ ಅದು. ಆ ರೊಟ್ಟಿ ನೋಡ್ರಿ, ಕುರುಗೋಡು ಗುಡ್ಡದ ಬಂಡೆಗಲ್ಲು ಇದ್ದಂಗೈತಿ" ಎಂದರು ನಮ್ಮ ಯಜಮಾನರು.

ಲೆಸ್ಲಿಯವರನ್ನು ಕರೆದೊಯ್ಯಲು ಬಂದ ಖಾಜಾಸಾಬರು ಸಂಗತಿ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಆದರೂ ಊರಿನ ಅಭಿಮಾನ ಬಿಡಲಿಲ್ಲ. "ಯಾ ಅಲ್ಲಾ! ಖರೇ ಹೇಳಬೇಕಂದ್ರ ಅಮ್ಮಾ, ಸಿರುಗುಪ್ಪ ಅಕ್ಕಿಯಿಂದ ಇಲ್ಲೀಮಟ ಯಾರದೂ ಹಲ್ಲು ಹೋಗಿಲ್ರಿ." ಅವ್ವ ಅವರನ್ನು ನೋಡಿದ ನೋಟಕ್ಕೆ ಅವರು ಅಭ್ಯಾಸಬಲದಿಂದ ಸೆಲ್ಯೂಟ್ ಹೊಡೆದರು.

ಹಲ್ಲಿನ ಡಾಕ್ಟರಮ್ಮ ಬಾಯಿ ನೋಡಿ, ತಾತ್ಕಾಲಿಕವಾಗಿ ಒಂದು ಹಲ್ಲು ಅಂಟಿಸಬಹುದು, ಆದರೆ ಊದುವ ಹಾಗಿಲ್ಲ ಎಂದರು. "ಊದಿದರೆ ಹಾರಿಹೋಗಿ ಮುಂದಿನ ಸಾಲಿನಲ್ಲಿ ಕೂತವರಿಗೆ ಬಡಿಯುತ್ತೆ." ಮುಂದಿನ ಸಾಲಿನಲ್ಲಿ ಕೂರುವವರು ಯಾರೆಂದು ನಾನೂ ಖಾಜಾಸಾಬರೂ ಒಟ್ಟಿಗೇ ನೆನೆದೆವು. ಅವರ ಮುಖದಲ್ಲಿ ಕ್ಷಣಕಾಲ ಒಂದು ಕಾಂತಿ ಹಾದುಹೋಯಿತು. ನನ್ನ ಮುಖದ ಬಗ್ಗೆ ನಾನು ಹೇಳಲಾರೆ.

ಲೆಸ್ಲಿಯವರು ಆಸ್ಪತ್ರೆಯ ಬೆಂಚಿನ ಮೇಲೆ ಟ್ರಂಪೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಕ್ಷಮೆ ಕೇಳಲು ಬಾಯಿ ತೆಗೆದೆ. ಅವರು ಕೈ ಎತ್ತಿ ತಡೆದರು. "ಮೇಡಂ, ಊದಾಕ ಬರೂದಿಲ್ಲ ಅಂದ್ರ ಏನಾತು? ಊದಿದ್ದನ್ನ ಹಾಡ್ತೀನಿ." ಜಾಝ್‌ನಲ್ಲಿ ಹಾಗೊಂದು ಪದ್ಧತಿ ಇದೆಯಂತೆ. ಸಾಹಿತ್ಯವಿಲ್ಲ, ಅರ್ಥವಿಲ್ಲ, ಕಹಳೆ ಏನು ನುಡಿಯುತ್ತಿತ್ತೋ ಅದನ್ನು ಬಾಯಿಯೇ ನುಡಿಯುತ್ತದೆ, ನಮ್ಮ ತಬಲಾದವರು ಬೋಲು ಹೇಳಿದ ಹಾಗೆ. ಕುಲಪತಿಗಳಿಗೆ ತಿಳಿಸಿದಾಗ ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. "ವಾದ್ಯವಿಲ್ಲದೆ ವಾದನ! ಇದು ಇನ್ನೂ ಆಧುನಿಕ" ಎಂದರು.

ಸಭಾಂಗಣ ತುಂಬಿತ್ತು. ಬ್ಯಾನರು ನೋಡಿ ಕೊಳಗಲ್ಲಿನಿಂದ, ಸಂಗನಕಲ್ಲಿನಿಂದ ಜಾಂಜ್ ಮೇಳಕ್ಕೆಂದು ಬಂದವರೇ ಹೆಚ್ಚು. ಅವ್ವ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಎಲೆಅಡಿಕೆಯ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದಳು. ನಾವು ಎರಡು ಹಾಡು ಬಾರಿಸಿದೆವು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. "ಕುಣಿಯೋರು ಯಾವಾಗ ಬರ್ತಾರ್ಲೇ?" ಎಂದು ಹಿಂದಿನಿಂದ ಯಾರೋ ಕೇಳಿದ್ದು ವೇದಿಕೆಗೂ ಕೇಳಿಸಿತು.

ಆಮೇಲೆ ಲೆಸ್ಲಿಯವರು ಮೈಕಿನ ಮುಂದೆ ಬಂದರು. ಕಣ್ಣು ಮುಚ್ಚಿದರು. ಒಂದು ಕೈಯನ್ನು ಕೆನ್ನೆಗೆ ಇಟ್ಟುಕೊಂಡರು. ಹಾಡತೊಡಗಿದರು. ಅಂಟಿಸಿದ ಹಲ್ಲಿಗೆ ಹೆದರಿ ತುಟಿ ಪೂರ್ತಿ ತೆರೆಯುತ್ತಿರಲಿಲ್ಲವಾದ್ದರಿಂದ ಮುಕ್ಕಾಲುಪಾಲು ಅಕ್ಷರಗಳಿಗೆ ಫಕಾರ ಸೇರಿಕೊಂಡಿತ್ತು. "ಫೂ ಫಿ ಡೂ, ಫಾ ಆ ಆ, ಊಂ..." ಎಂದು ಶುರುವಾದದ್ದು ಏರಿತು, ಜಾರಿತು, ಗೋಗರೆಯಿತು, ಮತ್ತೆ ಎದ್ದು ನಿಂತಿತು. ಅಂಥ ಹಾಡನ್ನು ನಾನು ಹಿಂದೆ ಕೇಳಿರಲಿಲ್ಲ. ಕೊನೆಯ ಸ್ವರವನ್ನು ಎಳೆಯುತ್ತ ಅವರು ಕಣ್ಣು ಮುಚ್ಚಿಕೊಂಡೇ ಕೈಯನ್ನು ನನ್ನ ಕಡೆಗೆ ಚಾಚಿದರು. ನನ್ನ ಸೋಲೋ. ಎದ್ದು ನಿಂತೆ.

ಎರಡನೆಯ ಸಾಲಿನಲ್ಲಿ ಅವ್ವನೂ ಎದ್ದು ನಿಂತಳು.

ಮೊದಲು ನನಗೆ ಹೆಮ್ಮೆಯಾಯಿತು, ಮಗಳನ್ನು ಚೆನ್ನಾಗಿ ನೋಡಲೆಂದು ಎದ್ದಳು ಎಂದು. ಉಸಿರು ತುಂಬಿ ಊದಿದೆ. ಅವ್ವ ಸಾಲಿನಿಂದ ಹೊರಬಂದಳು. ಸ್ವಯಂಸೇವಕರು ಅಡ್ಡ ಬಂದರೆ ಮೊಣಕೈಯಿಂದ ಸರಿಸಿದಳು. ಮೆಟ್ಟಿಲೇರಿ ವೇದಿಕೆಗೇ ಬಂದಳು. ಖಾಜಾಸಾಬರು ಒಂದು ಕೈಯಲ್ಲಿ ತಾಳ ಹಾಕುತ್ತ ಇನ್ನೊಂದು ಕೈಯಲ್ಲಿ ಅವಳಿಗೆ ಹೋಗಿ ಹೋಗಿ ಎನ್ನುತ್ತಿದ್ದರು. ಹುಡುಗರು ಆ ಕೈ ನೋಡಿ ಇನ್ನಷ್ಟು ಮೆಲ್ಲಗೆ ಬಾರಿಸಿದರು. ಅವ್ವ ನೇರ ಲೆಸ್ಲಿಯವರ ಬಳಿ ಹೋಗಿ ಸಂಚಿ ಬಿಚ್ಚಿದಳು. ಅವರ ಮುಂದಿದ್ದ ಮೈಕು ಎಲ್ಲವನ್ನೂ ಸಭೆಗೆ ಒಪ್ಪಿಸಿತು.

"ನನ ಕೈಯಾಗ ನೋಡಾಕ ಆಗವಲ್ದಪಾ. ಆಗಲಿಂದ ಹಲ್ಲು ನೋವಿಗೆ ಹಂಗ ಒದರಾಕತ್ತೀಯಲ್ಲ. ಬಾಯಿ ತಗಿ."

"ಅವ್ವಾರ, ಇದು ಹಾಡ್ರಿ..."

"ಹಾಡಂತ, ಕಂಡೀನಿ. ಬಾಯಿ ತಗಿ. ಇನ್ನಷ್ಟು ತಗಿ. ಹಾಂ. ಲವಂಗ ಐತಿ, ಕಚ್ಚಿ ಹಿಡಿ. ರಸ ನುಂಗು. ಹಲ್ಲು ನುಂಗಬ್ಯಾಡ ಮತ್ತ."

ಸಭೆ ಸಿಡಿಯಿತು. ಶಿಳ್ಳೆ, ಕೇಕೆ, ಚಪ್ಪಾಳೆ. ಜಾಂಜ್ ಮೇಳಕ್ಕೆ ಬಂದವರಿಗೆ ಕೊನೆಗೂ ಬಂದದ್ದು ಸಾರ್ಥಕವಾಯಿತು. ಎಲ್ಲರ ಫೋನುಗಳೂ ಮೇಲೆದ್ದವು. ಆ ಗದ್ದಲದ ಕೆಳಗೆ ನಾನು ಊದುತ್ತಲೇ ಇದ್ದೆ. ಹೇಳಿಕೊಳ್ಳಬಾರದು, ಆದರೂ ಬೇರೆ ಯಾರೂ ಹೇಳುವವರಿಲ್ಲದ್ದರಿಂದ ಹೇಳುತ್ತೇನೆ: ಅಂದು ನನಗೆ ಒಂದು ಸ್ವರವೂ ತಪ್ಪಲಿಲ್ಲ. ಕೊನೆಯ ಏರು ಸ್ವರ, ಅಭ್ಯಾಸದಲ್ಲಿ ಪ್ರತಿಸಲ ಬಿರುಕು ಬಿಡುತ್ತಿದ್ದದ್ದು, ಅಂದು ತುಪ್ಪದ ಹಾಗೆ ಇಳಿಯಿತು. ಊದಿ ಮುಗಿಸಿ ವಾದ್ಯ ಕೆಳಗಿಳಿಸಿ ಬಾಗಿದೆ. ಎಲ್ಲರೂ ಅವ್ವನಿಗೆ ಚಪ್ಪಾಳೆ ತಟ್ಟುತ್ತಿದ್ದರು.

ಲೆಸ್ಲಿಯವರು ಅವ್ವನ ಕೈ ಹಿಡಿದು ಅಲ್ಲಿಯೇ ಒಂದು ಕುರ್ಚಿ ಹಾಕಿಸಿ ಕೂರಿಸಿದರು. ಲವಂಗ ಕಚ್ಚಿಕೊಂಡೇ ಉಳಿದದ್ದನ್ನೂ ಹಾಡಿದರು. ಮುಗಿದ ಮೇಲೆ ಕುಲಪತಿಗಳು, ಜಾಝ್ ಎಂದರೆ ಹೀಗೇ, ಕಲಾವಿದರಿಗೂ ಪ್ರೇಕ್ಷಕರಿಗೂ ನಡುವೆ ಗೋಡೆಯಿಲ್ಲದ ಕಲೆ ಎಂದು ವಿವರಿಸಿ ಅವ್ವನಿಗೆ ಶಾಲು ಹೊದಿಸಿದರು. ತೆರೆಯ ಹಿಂದೆ ಖಾಜಾಸಾಬರು ಬೆವರು ಒರೆಸಿಕೊಳ್ಳುತ್ತ ನನಗೆ ಹೇಳಿದರು: "ಮೇಡಂ, ಆ ಗದ್ದಲದಾಗ ತಮ್ಮ ಸೋಲೋ ಬಿಟ್ಟಾ ಹೋತಲ್ರಿ. ಬೇಜಾರ ಮಾಡ್ಕೋಬ್ಯಾಡ್ರಿ."

ನಾನು ಬೇಜಾರು ಮಾಡಿಕೊಳ್ಳಲಿಲ್ಲ ಎಂದು ಹೇಳಿ, ಹೋಗಿ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಸ್ವಲ್ಪ ಹೊತ್ತು ಬೇಜಾರು ಮಾಡಿಕೊಂಡೆ. ಊದಿ ಊದಿ ವಾದ್ಯದೊಳಗೆ ಸೇರಿದ ನೀರು ಬಸಿಯುತ್ತಿದ್ದೇನೆ ಎಂದು ಬ್ಯಾಂಡಿನ ಹುಡುಗಿಯರು ತಿಳಿದರು.

ಮರುದಿನ ಬೆಳಗ್ಗೆ ಅವ್ವ ಹೊರಡಲು ಸಿದ್ಧಳಾಗಿ ಕಟ್ಟೆಯ ಮೇಲೆ ಕೂತಿದ್ದಳು. ಕುರುಗೋಡಿನ ಬಸ್ಸು ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ಕೈ ಮಾಡಿದರೆ ನಿಲ್ಲಿಸುತ್ತಾರೆ. ಲೆಸ್ಲಿಯವರು ರೈಲು ಹತ್ತುವ ಮುಂಚೆ ಫೋನು ಮಾಡಿ ಅವಳಿಗೆ ನಮಸ್ಕಾರ ಹೇಳಿದ್ದರು. ಶಾಲನ್ನು ಮಡಚಿ ಚೀಲಕ್ಕೆ ತುರುಕುತ್ತ ಅವಳು ಇದ್ದಕ್ಕಿದ್ದಂತೆ ಕೇಳಿದಳು:

"ಅಲ್ಲಬೇ ಶಾಂತಿ, ನೀ ಊದಿದ್ದು ಯಾವಾಗ? ನಿನ್ನ ಪಾಳಿ ಬರ್ತೈತಿ ಅಂತ ಕೊನೀಮಟ ಕಾಯ್ದೆ."

"ನೀ ಅವರ ಬಾಯಾಗ ಲವಂಗ ಇಡುವಾಗ."

ಅವ್ವನ ಕೈ ಚೀಲದಲ್ಲೇ ನಿಂತಿತು. ನನ್ನ ಮುಖವನ್ನು ನೋಡಿದಳು. ಹಿಂದಿನ ಸಂಜೆ ನಲ್ಲಿಯ ಹತ್ತಿರ ಆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಚೀಲವನ್ನು ಪಕ್ಕಕ್ಕೆ ಸರಿಸಿ, "ತಗೊಂಬಾ" ಎಂದಳು.

ಟ್ರಾಂಬೋನು ತಂದೆ. ಮನೆಯ ಮುಂದೆ ನಿಂತು ಊದಿದೆ. ಬ್ಯಾಂಡು ಇಲ್ಲದೆ ಸೋಲೋ ಎಂದರೆ ಬಹಳ ಬೋಳು. ನಡುವೆ ಸ್ವರವಿಲ್ಲದೆ ಎಣಿಸುತ್ತ ನಿಲ್ಲುವ ಕಡೆ ಬಂತು.

"ಯಾಕ ನಿಂತಿ? ಮರತೇನ?"

"ಇಲ್ಲಬೇ. ಇಲ್ಲಿ ಸುಮ್ನಿರಬೇಕು."

"ಸುಮ್ನಿರೂದನ್ನ ನಾ ನಿನಗ ಹುಟ್ಟಿದಾಗಿಂದ ಹೇಳೇನಿ. ಕಲೀಲಿಲ್ಲ. ಆ ಸಾಬರು ಅದೆಂಗ ಕಲಿಸಿದ್ರು?"

ನಾನು ನಗು ತಡೆದು ಮುಂದುವರಿಸಿದೆ. ಊದುತ್ತಿದ್ದಾಗ ಕುರುಗೋಡಿನ ಬಸ್ಸು ಬಂತು. ಅವ್ವ ಕೈ ಮಾಡಲಿಲ್ಲ. ಬಸ್ಸು ಹೋಯಿತು. ಕೊನೆಯ ಏರು ಸ್ವರ ಈ ಸಲ ಎಂದಿನಂತೆ ಬಿರುಕು ಬಿಟ್ಟಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು.

ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ, ಮಗಳಿಗಂತೂ ಹೇಳುವುದಿಲ್ಲ.

"ಛಲೋ ಐತಿ. ಆ ಲೆಸ್ಲೆಪ್ಪ ಒದರಿದಷ್ಟು ಛಲೋ ಇಲ್ಲ. ಅವಂಗ ನೋವಿತ್ತು, ಪಾಪ." ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡು ರಸ್ತೆಯನ್ನೊಮ್ಮೆ ನೋಡಿದಳು. "ಮುಂದಿನ ಬಸ್ಸು ಬರಾಕ ಇನ್ನಾ ಹೊತ್ತೈತಿ. ಇನ್ನೊಮ್ಮಿ ಊದು. ಈ ಸಲ ಆ ಸುಮ್ನಿರೂದೆಲ್ಲ ಬಿಟ್ಟು ಊದು."

ನಾನು ಹಾಗೆಯೇ ಊದಿದೆ. ಆ ಬಸ್ಸಿಗೂ ಅವಳು ಕೈ ಮಾಡಲಿಲ್ಲ.